ಮೂರನೇ ನಿಶಾ

ರೈಲು ಕಂಟೋನ್ಮೆಂಟ್ ನಿಲ್ದಾಣಕ್ಕೆ ಬಂದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಲಬುರಗಿಯ ಬಿಸಿಲಲ್ಲಿ ಬೆಳೆದ ನಾನು ಸ್ವೆಟರನ್ನೇ ತಂದಿರಲಿಲ್ಲ. ತಂದದ್ದು ನನ್ನ ಮಾರ್ಗದರ್ಶಕರ ಮಾತನ್ನು ಮಾತ್ರ: ‘ಈಗಿನ ಹುಡುಗರು ಇಂಟರ್‌ನೆಟ್ಟಿನಲ್ಲಿ ಸುಳ್ಳು ಹೆಸರಿನ ಹಿಂದೆ ಅಡಗಿಕೊಳ್ಳುತ್ತಾರೆ. ಅದು ಹೇಗೆ ಅಂತ ನೋಡಿಕೊಂಡು ಬಾ.’ ಗಲ್ಲಿಗೊಂದು ಬ್ರೌಸಿಂಗ್ ಸೆಂಟರ್ ತೆರೆದಿದ್ದ ಕಾಲವದು. ನಾನು ಸಮಾಜಶಾಸ್ತ್ರದಲ್ಲಿ ಎಂ.ಫಿಲ್. ಮಾಡುತ್ತಿದ್ದೆ. ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಪ್ರಶ್ನೆ ಕೇಳಲು ಕಳಿಸುವವರ ಮೇಲೆ ನನಗೆ ರೈಲು ಹತ್ತುವಾಗಲೇ ಸಿಟ್ಟಿತ್ತು.

ಶಿವಾಜಿನಗರ ಬಸ್ ನಿಲ್ದಾಣದ ಎದುರು ಬನ್ನು, ಚಹಾ ಆಯಿತು. ಚಹಾದವನು ಉರ್ದುವಿನಲ್ಲಿ ಕೇಳಿದ, ಪಕ್ಕದವನು ತಮಿಳಿನಲ್ಲಿ ದಾರಿ ಹೇಳಿದ, ಕಂಡಕ್ಟರ್ ಕನ್ನಡದಲ್ಲಿ ಚಿಲ್ಲರೆಗಾಗಿ ಬೈದ. ಹಲಸೂರಿನಲ್ಲಿ ಇಳಿದು ಮರ್ಫಿ ಟೌನಿಗೆ ನಡೆದೆ. ಓಣಿಯ ತುದಿಯಲ್ಲಿ ಶರಣಮ್ಮ ಕಾಯುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಸುರಪುರದ ಕಡೆಯವಳು, ಇಂದಿರಾನಗರದ ಒಂದು ಬಟ್ಟೆ ಶೋರೂಮಿನಲ್ಲಿ ಕೆಲಸ. ಎರಡು ತಿಂಗಳಿಂದ ಇಂಟರ್‌ನೆಟ್ಟಿನಲ್ಲೇ ನಮ್ಮ ಮಾತುಕತೆ ನಡೆದಿತ್ತು. ಆ ದಿನ ಅವಳಿಗೆ ವಾರದ ರಜೆ.

ಅವ್ವನ ಜೊತೆ ಅವಳಿದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಅವ್ವ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿಂದು ಇಬ್ಬರೂ ಬ್ರೌಸಿಂಗ್ ಸೆಂಟರಿಗೆ ಹೋದೆವು. ಪ್ಲೈವುಡ್ಡಿನ ಕ್ಯಾಬಿನ್, ಒಂದೇ ಕುರ್ಚಿ. ಅವಳು ಕುರ್ಚಿಯ ಅರ್ಧ ನನಗೆ ಬಿಟ್ಟುಕೊಟ್ಟು ತನ್ನ ಗುಂಪನ್ನು ತೋರಿಸಿದಳು. ಹೆಸರು ‘ನಮ್ ಕಡಿ ಮಂದಿ’. ಗಾರ್ಮೆಂಟ್ಸ್‌ನವರು, ಸೆಕ್ಯುರಿಟಿಯವರು, ಕೆ.ಆರ್. ಪುರದ ಗೋಡೌನುಗಳಲ್ಲಿ ದುಡಿಯುವವರು, ಎಲ್ಲರೂ ನಮ್ಮ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಜಗಳವಾಡುತ್ತಿದ್ದರು. ಗುಂಪಿಗೆ ಒಂದು ಕಟ್ಟಳೆ: ಮನೆಯಲ್ಲಿ ಕರೆಯುವ ಹೆಸರು ಮತ್ತು ಊರು ಹಾಕಬೇಕು. ಶೋಕಿಯ ಹೆಸರಿಟ್ಟುಕೊಂಡು ಬಂದವರನ್ನು ಸಂಜೆಯೊಳಗೆ ಹೊರಗೆ ಹಾಕುತ್ತಾರೆ.

‘ಮತ್ತ ಸುಳ್ಳು ಹೆಸರು ಯಾರೂ ಇಟ್ಕೊಂಡಿಲ್ಲೇನು?’ ಎಂದೆ.

‘ಸುಳ್ಳು ಹೆಸರು ಅಂಗಡ್ಯಾಗ ಅದ ಅಕ್ಕಾ,’ ಎಂದು ನಕ್ಕಳು. ‘ಅಲ್ಲಿ ನಾ ನಿಶಾ. ಬ್ಯಾಡ್ಜ್ ಮೊದಲೇ ಮಾಡಿಸಿಟ್ಟಿದ್ರು. ಮೊದಲಿನ ನಿಶಾ ಮದುವಿ ಆಗಿ ಹೋದ್ಳು, ಎರಡನೇದಾಕಿ ಬ್ಯಾರೆ ಕೆಲಸ ಹಿಡಿದ್ಳು. ನಾ ಮೂರನೇ ನಿಶಾ.’

ಆಮೇಲೆ ನಗು ನಿಂತಿತು. ಶೋರೂಮಿನ ಸಮವಸ್ತ್ರದಲ್ಲಿ, ಎದೆಯ ಮೇಲೆ ಬ್ಯಾಡ್ಜ್ ಕಾಣುವಂತೆ ತೆಗೆಸಿಕೊಂಡ ಫೋಟೋ ಒಂದನ್ನು ಅವಳು ಗುಂಪಿನ ಪುಟಕ್ಕೆ ಹಾಕಿ, ಕೆಳಗೆ ‘ಇದು ಸುಳ್ಳು, ನಾ ಶರಣಮ್ಮ’ ಎಂದು ಬರೆದಿದ್ದಳು. ಅದು ಮ್ಯಾನೇಜರನ ಕಣ್ಣಿಗೆ ಬಿದ್ದಿತ್ತು. ನಾಳೆ ಬಾಗಿಲು ತೆರೆಯುವುದರೊಳಗೆ ಅದು ಹೋಗಿರಬೇಕು, ಇಲ್ಲವಾದರೆ ಕೆಲಸವಿಲ್ಲ.

ನಾನು ಓದಿದವಳಲ್ಲವೇ, ಬುದ್ಧಿ ಹೇಳಿದೆ. ‘ಫೋಟೋ ತೆಗದುಬಿಡು. ಅವ್ವನ ಮುಖ ನೋಡು.’

‘ಅವ್ವನೇ ಇಟ್ಟ ಹೆಸರು ಅಕ್ಕಾ ಅದು. ದಿನಾ ಒಂಬತ್ತು ತಾಸು ಬಿಚ್ಚಿಡ್ತೀನಿ. ಇಲ್ಲೂ ಬಿಚ್ಚಿಡು ಅಂದ್ರ ಎಲ್ಲಿ ಹಾಕ್ಕೊಳ್ಲಿ?’

ಅವಳು ಪುಟ ಮುಚ್ಚಿದಳು. ಫೋಟೋ ಇದ್ದಲ್ಲೇ ಇತ್ತು.

ರಾತ್ರಿ ಅವರ ಮನೆಯಲ್ಲೇ ಮಲಗಿ, ಬೆಳಿಗ್ಗೆ ಅವಳ ಜೊತೆ ಇಂದಿರಾನಗರಕ್ಕೆ ಹೋದೆ. ಗಿರಾಕಿಯ ಹಾಗೆ ಸೀರೆಗಳ ಬಳಿ ನಿಂತೆ. ನಮ್ಮ ಊರಲ್ಲಿ ಮದುವೆಗೂ ಉಡದಂಥ ಬೆಲೆಯ ಸೀರೆಗಳು. ಮ್ಯಾನೇಜರ್ ಗಲ್ಲಾದ ಹಿಂದಿದ್ದ. ಸಣ್ಣ ವಯಸ್ಸು, ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದೇ ನನ್ನನ್ನು ಇನ್ನೂ ಉರಿಸಿತು.

‘ತೆಗ್ದ್ಯಾ?’

‘ಇಲ್ರಿ ಸರ್.’

‘ಏನಮ್ಮಾ ನೀನು? ಒಂದ್ ಹೆಸ್ರಿಗೋಸ್ಕರ ಕೆಲ್ಸ ಕಳ್ಕೊಳ್ತೀಯಾ? ಶರಣಮ್ಮ ಅಂತ ಹಾಕಿದ್ರೆ ಇಲ್ಲಿ ಕಸ್ಟಮರ್ಸ್ ಏನಂದ್ಕೋತಾರೆ ಹೇಳು.’

ಅವಳು ಬ್ಯಾಡ್ಜ್ ಬಿಚ್ಚಿ ಗಾಜಿನ ಮೇಲಿಟ್ಟಳು. ‘ನಿಮಗ ಬೇಕಾದಾಕಿ ಇಲ್ಲೇ ಅದಾಳ್ರಿ ಸರ್, ಇಟ್ಕೋರಿ. ಶರಣಮ್ಮ ಹೊಂಟಾಳ.’

ನಾನೂ ಅವಳ ಹಿಂದೆಯೇ ಹೊರಬಿದ್ದು ಬಸ್ ನಿಲ್ದಾಣಕ್ಕೆ ನಡೆದೆ. ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಉಳಿದ ಸಂಬಳ ಕೇಳಬೇಕಿತ್ತು ಎಂದೆ. ‘ನಾಳೆ ಬಂದು ಕೇಳ್ತೀನಿ, ಬಿಡ್ತೀನೇನು?’ ಎಂದಳು. ನಾನು ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಬಸ್ಸು ಬಂತು, ಹತ್ತಿ ಕಿಟಕಿಯ ಬಳಿ ಕೂತೆ.

ಜನ ಹತ್ತುವ ತನಕ ಬಸ್ಸು ಅಲ್ಲೇ ನಿಂತಿತ್ತು. ಹಿಂದೆ ನೋಡಿದರೆ, ಶರಣಮ್ಮ ಮನೆಯ ದಾರಿ ಹಿಡಿದಿರಲಿಲ್ಲ. ನಿಲ್ದಾಣದ ಪಕ್ಕದ ಚಪ್ಪಲಿ ಅಂಗಡಿಯ ಬಾಗಿಲಲ್ಲಿ ನಿಂತು ಕೆಲಸ ಕೇಳುತ್ತಿದ್ದಳು. ಒಳಗಿನಿಂದ ಯಾರೋ ಹೆಸರು ಕೇಳಿದರು. ಅವಳ ಉತ್ತರ ಬಸ್ಸಿನವರೆಗೂ ಕೇಳಿಸಿತು.

‘ಶರಣಮ್ಮ ರೀ. ಹಂಗೇ ಕರೀಬೇಕು.’