ಜ್ವರದಕ್ಕನ ಹೆದರಿಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಹೆಂಗಸೊಬ್ಬರು ಲ್ಯಾಪ್‌ಟಾಪೊಂದನ್ನು ತುಸು ಎತ್ತಿ ಹಿಡಿದು, ಅದರ ಅಡಿಗೆ ಕೈಯ ಹಿಂಬದಿ ತಾಗಿಸಿ, ಉಸಿರು ಬಿಗಿಹಿಡಿದು ಕೂತಿದ್ದಾರೆ. ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯ ಹಾಗೆ ಎನ್ನಬಹುದಿತ್ತು. ಆದರೆ ತಾಯಂದಿರು ಹಣೆಯ ಮೇಲೆ ಕೈ ಇಡುವಾಗ ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಳ್ಳುವುದಿಲ್ಲ. ಈಕೆ ನೋಡಿಕೊಳ್ಳುತ್ತಾರೆ. ಕೋಣೆಯಲ್ಲಿ ಕುರ್ಚಿ ಇರುವುದೇ ಹೊಸ್ತಿಲ ಪಕ್ಕ.

ಕಟ್ಟಡದವರಿಗೆ ಈಕೆ ಜ್ವರದಕ್ಕ. ಬಿಸಿಯೇರುವ ಲ್ಯಾಪ್‌ಟಾಪನ್ನು ತಣ್ಣಗೆ ಮಾಡಿಕೊಡುವುದು ಕಸುಬು. ಪರದೆ ಒಡೆದರೆ, ಕೀಬೋರ್ಡಿನ ಕೀಲಿ ಕಿತ್ತು ಬಂದರೆ ಎರಡನೇ ಮಹಡಿಯ ದೊಡ್ಡ ಅಂಗಡಿಗೆ ಹೋಗಬೇಕು. ‘ತೊಡೆ ಮೇಲೆ ಇಟ್ಕೊಳ್ಳೋಕಾಗ್ತಿಲ್ಲ’ ಎನ್ನುವವರು ಮಾತ್ರ ಇಲ್ಲಿಗೆ ಬರುತ್ತಾರೆ.

"ಬೆಳಗ್ಗೆ ಕೋಣೆ ದಿನಾ ಹೆಚ್ಚುಕಮ್ಮಿ ಒಂದೇ ಥರ ತಣ್ಣಗಿರುತ್ತೆ. ಮಧ್ಯಾಹ್ನ ನೋಡಿದ್ರೆ ಬಿಸಿ ಮಿಷಿನ್ನಿಂದೋ ಬಿಸಿಲಿಂದೋ ಗೊತ್ತಾಗಲ್ಲ," ಎನ್ನುತ್ತಾರೆ ಅಕ್ಕ. ಅದಕ್ಕೇ ಈ ಹೊತ್ತಿನ ಪೂಜೆ. ಮೊದಲು ಏನೂ ಓಡಿಸದೆ, ಒಳಗಿನ ಬಿಸಿ ಎಷ್ಟೆಂದು ತೋರಿಸುವ ಪರದೆಯ ಮೂಲೆಯ ಅಂಕಿ ನೋಡುತ್ತಾರೆ. ನಲವತ್ತರ ಆಸುಪಾಸಿದ್ದರೆ ಸರಿ. ಆಮೇಲೆ ಭಾರವಾದ ವಿಡಿಯೊ ಹಾಕಿ ಏರಲು ಬಿಡುತ್ತಾರೆ. ಎಂಬತ್ತಕ್ಕೆ ಏರಿದರೂ ಹೆದರುವುದಿಲ್ಲ. ವಿಡಿಯೊ ನಿಲ್ಲಿಸಿದ ಮೇಲೂ ಅಂಕಿ ಇಳಿಯದೆ ಹಟ ಹಿಡಿದು ನಿಂತರೆ ಹೆದರುತ್ತಾರೆ. ಒಮ್ಮೊಮ್ಮೆ ಅಂಕಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಗ ಎಲ್ಲಕ್ಕಿಂತ ಹೆಚ್ಚು ಹೆದರುತ್ತಾರೆ.

ದಿನಕ್ಕೆ ಏಳೆಂಟು ಬರುತ್ತವೆ. ಒಳಗೆ ಸಿಕ್ಕುವುದು ಹಳೇ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿದ ಧೂಳು, ಬೆಕ್ಕಿನ ಕೂದಲು, ಬಿಸ್ಕತ್ತಿನ ಪುಡಿ. ಒಂದರಲ್ಲಿ ಕಿವಿಯೋಲೆಯೂ ಸಿಕ್ಕಿತ್ತು. ಅದನ್ನು ಹಿಂತಿರುಗಿಸಿದಾಗ ಯಜಮಾನನ ಮುಖ ನೋಡಿ, ಅದು ಮನೆಯವರ ಓಲೆಯಲ್ಲ ಎಂದು ಅಕ್ಕನಿಗೆ ಅರ್ಥವಾಯಿತು. ಆ ಮನೆಯ ಬಿಸಿ ಇಳಿಸುವುದು ತಮ್ಮ ಕೈಲಾಗದು ಎಂದು ಸುಮ್ಮನಾದರು.

ಇಷ್ಟೊಂದು ಹೆದರುವವರು ಈ ಕೆಲಸಕ್ಕೆ ಯಾಕೆ ಬಂದರು? ಕೆಲಸಕ್ಕೆ ಬಂದಾಗ ಹೆದರಿಕೆ ಇರಲಿಲ್ಲ. ದೊಡ್ಡದೊಂದು ರಿಪೇರಿ ಮಳಿಗೆಯಲ್ಲಿ ಗಿರಾಕಿಗಳಿಂದ ಲ್ಯಾಪ್‌ಟಾಪ್ ಇಸಿದುಕೊಂಡು ಒಳಗೆ ಕಳಿಸುವುದು ಅವರ ಮೊದಲ ನೌಕರಿ. ಒಂದು ದಿನ ಹಿರಿಯ ಮೆಕ್ಯಾನಿಕ್ಕು, ದಿಂಬಿನಂತೆ ಉಬ್ಬಿದ್ದ ಬ್ಯಾಟರಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿದರು.

"ಬುಸ್ ಅಂತು. ಹಾವು ಬಂತು ಅಂದ್ಕೊಂಡೆ. ಆಮೇಲೆ ಹೊಗೆ, ಆಮೇಲೆ ಅವರ ಕೈ..." ಎಂದು ಅಕ್ಕ ಅಲ್ಲಿಗೇ ನಿಲ್ಲಿಸುತ್ತಾರೆ. "ಅವರೇನು ಗೊತ್ತಿಲ್ಲದವರಲ್ಲ. ಅಷ್ಟೂ ವರ್ಷ ಏನೂ ಆಗಿರ್ಲಿಲ್ಲ, ಹಾಗಾಗಿ ಹೆದರೋದನ್ನ ಬಿಟ್ಟಿದ್ರು."

ಆ ಮೆಕ್ಯಾನಿಕ್ಕಿಗೆ ಬಲಗೈ ಪೂರ್ತಿ ಮಡಚಲು ಇವತ್ತಿಗೂ ಬರುವುದಿಲ್ಲ. ಅಕ್ಕ ಬಿಸಿಯ ಕೆಲಸ ಕಲಿತದ್ದು ಅವರಿಂದಲೇ, ಅವರ ಕೈ ಕಟ್ಟಿನಲ್ಲಿದ್ದಾಗ. ಅವರು ಬಾಯಲ್ಲಿ ಹೇಳುತ್ತಿದ್ದರು, ಈಕೆ ಕೈಯಲ್ಲಿ ಮಾಡುತ್ತಿದ್ದರು.

ಈಗ ಜೊತೆಗಿರುವುದು ನಾದಿನಿ, ಗಂಡನ ತಂಗಿ. ಆಕೆಗೆ ಹೆದರಿಕೆ ಎಂಬುದು ಹತ್ತಿರ ಸುಳಿದಿಲ್ಲ. "ನಮ್ಮತ್ತಿಗೆ ತಲೆಗೂ ಒಂದು ಫ್ಯಾನ್ ಕೂರಿಸಬೇಕು," ಎಂದು ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಾಳೆ. ಅತ್ತಿಗೆ ಮೂರು ಸಲ ಬಿಚ್ಚಿ ನೋಡುವುದನ್ನು ಆಕೆ ಒಂದೇ ಸಲಕ್ಕೆ ಮುಗಿಸುತ್ತಾಳೆ. ಚುರುಕು ಕೈ. ಅಕ್ಕನಿಗೆ ಅದೂ ಒಂದು ಹೆದರಿಕೆ.

ಈ ಬೆಳಗ್ಗೆ ಆ ಹೆದರಿಕೆಗೆ ಕಾರಣ ಸಿಕ್ಕಿದೆ.

ಬಿಸಿ ಇಳಿಸುವ ಕೆಲಸದಲ್ಲಿ ಒಂದು ಸಣ್ಣ ಹಂತವಿದೆ. ಒಳಗಿನ ಮುಖ್ಯ ಚಿಪ್‌ನ ಸುತ್ತ ಇರುವ ಮರಿ ಚಿಪ್‌ಗಳ ಮೇಲೆ ಮೆತ್ತನೆಯ ಪ್ಯಾಡ್ ಕೂರಿಸಬೇಕು. ಚಿಪ್‌ನ ಬಿಸಿಯನ್ನು ಮೇಲಿನ ತಾಮ್ರಕ್ಕೆ ದಾಟಿಸುವುದು ಪ್ಯಾಡಿನ ಕೆಲಸ. ಹೊಸ ಪ್ಯಾಡಿನ ಎರಡೂ ಬದಿಗೆ ಈರುಳ್ಳಿಯ ಒಳಪೊರೆಯಂಥ ತೆಳು ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಎರಡನ್ನೂ ಸುಲಿದು ತೆಗೆಯಬೇಕು. ಒಂದು ಉಳಿದರೂ ಬಿಸಿ ದಾಟದೆ ಅಲ್ಲೇ ಕೂರುತ್ತದೆ. ಪರದೆಯ ಅಂಕಿಯನ್ನು ನಂಬುವಂತಿಲ್ಲ, ಅದು ಮುಖ್ಯ ಚಿಪ್‌ನದು. ಮರಿ ಚಿಪ್ ಬೇಯುತ್ತಿದ್ದರೂ ಅಂಕಿ ತಣ್ಣಗೆ ನಗುತ್ತಿರುತ್ತದೆ.

ಸುಲಿದ ಹಾಳೆಗಳನ್ನು ಜೋಡಿ ಜೋಡಿಯಾಗಿ ಬೀರುವಿನ ಬಾಗಿಲಿಗೆ ಅಂಟಿಸಬೇಕು, ಮರುದಿನ ಬೆಳಗ್ಗೆ ನೋಡಿಯೇ ಎಸೆಯಬೇಕು. ಇದು ಅಕ್ಕನ ಕಟ್ಟಪ್ಪಣೆ. ಇವತ್ತು ಒಂದು ಹಾಳೆ ಒಂಟಿಯಾಗಿದೆ.

ಅಕ್ಕ ಮೇಜಿನ ಕೆಳಗೆ ಹುಡುಕುತ್ತಾರೆ, ಪೊರಕೆಯ ಕಡ್ಡಿಗಳ ನಡುವೆ ಹುಡುಕುತ್ತಾರೆ. ಅಷ್ಟರಲ್ಲಿ ಬಂದ ನಾದಿನಿಯ ಚಪ್ಪಲಿ ಬಿಚ್ಚಿಸಿ ಅಡಿಯನ್ನೂ ನೋಡುತ್ತಾರೆ.

"ಅತ್ತಿಗೆ, ಎಲ್ಲೋ ಹಾರಿಹೋಗಿರುತ್ತೆ. ಫ್ಯಾನ್ ಹಾಕಿದ್ವಲ್ಲ ನಿನ್ನೆ."

"ಹಾರಿಹೋಗಿದ್ರೆ ಒಳ್ಳೇದು. ಒಳಗೆ ಹೋಗಿದ್ರೆ?"

ನಿನ್ನೆ ಹೊಸ ಪ್ಯಾಡ್ ಹಾಕಿಸಿಕೊಂಡು ಹೋದವರು ಮೂವರು. ಫೋಟೊ ಸ್ಟುಡಿಯೊದವರು ಇದೇ ಕಟ್ಟಡದವರು, ಮನೆಯೂ ಮೇಲೆಯೇ. ಅವರನ್ನು ಎಬ್ಬಿಸಿ ಬಿಚ್ಚಿ ನೋಡಿದ್ದಾಯಿತು, ಹಾಳೆ ಇಲ್ಲ. "ಅದಕ್ಕೇನೂ ಜ್ವರ ಇಲ್ಲಕ್ಕಾ, ನಿಮಗೇ ಬಂದಿರೋ ಹಾಗಿದೆ," ಎಂದು ಅವರು ಮತ್ತೆ ಮಲಗಲು ಹೋದರು. ಡ್ರೈವಿಂಗ್ ಶಾಲೆಯ ಗುಮಾಸ್ತರು ಫೋನಿನಲ್ಲಿ ಆಕಳಿಸುತ್ತಲೇ, ತಮ್ಮದು ಆಫೀಸಿನ ಡ್ರಾಯರಿನಲ್ಲಿ ಆಫ್ ಆಗಿ ಬಿದ್ದಿದೆ ಎಂದರು. ಆಫ್ ಆಗಿದ್ದರೆ ಹೆದರಬೇಕಿಲ್ಲ. ಮೂರನೆಯದು ಒಬ್ಬ ಬಸುರಿಯದು. ಹಾಸಿಗೆ ಬಿಟ್ಟು ಏಳಬೇಡ ಎಂದು ಡಾಕ್ಟರು ಹೇಳಿರುವುದರಿಂದ ಮಲಗಿಯೇ, ವಿಡಿಯೊಗಳ ಮಾತನ್ನು ಟೈಪ್ ಮಾಡಿಕೊಡುವ ಹುಡುಗಿ. ಲ್ಯಾಪ್‌ಟಾಪ್ ಇಡುವುದು ಹೊಟ್ಟೆಗೆ ಒತ್ತಿದ ದಿಂಬಿನ ಮೇಲೆ ಎಂದು, ನಿನ್ನೆ ಅದನ್ನು ತಂದು ಒಯ್ದ ಪಕ್ಕದ ಮನೆಯ ಹುಡುಗ ಹೇಳಿದ್ದ. ಆಕೆಯ ಫೋನ್ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಮಾಡಿದರೂ ಎತ್ತುವುದಿಲ್ಲ.

"ನಿದ್ದೆ ಮಾಡ್ತಿರ್ತಾಳೆ," ಎನ್ನುತ್ತಾಳೆ ನಾದಿನಿ. ಈ ಸಲ ದನಿಯಲ್ಲಿ ನಗು ಇಲ್ಲ.

"ಅದೇ. ಪಕ್ಕದಲ್ಲಿ ಅದನ್ನ ಆನ್ ಮಾಡಿಟ್ಕೊಂಡೇ ನಿದ್ದೆ ಮಾಡ್ತಿದ್ರೆ?"

ಅಕ್ಕ ರಸೀದಿಯಲ್ಲಿ ಹುಡುಗಿಯ ವಿಳಾಸ ನೋಡಿಕೊಂಡು, ಚೀಲಕ್ಕೆ ಸ್ಕ್ರೂಡ್ರೈವರ್ ಹಾಕಿಕೊಳ್ಳುತ್ತಾರೆ. ಇನ್ನೊಂದು ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ, ಅದರ ತುಂಬ ಒಣ ಮರಳು. ಬ್ಯಾಟರಿ ಕೈಕೊಟ್ಟರೆ ಹೂತುಹಾಕುವುದಕ್ಕೆ. ಬಸ್ಸಿನಲ್ಲಿ ಕಂಡಕ್ಟರು ಡಬ್ಬಿ ಎತ್ತಿ ನೋಡಿ ಹುಬ್ಬೇರಿಸುತ್ತಾರೆ.

"ಏನಮ್ಮಾ ಇದರಲ್ಲಿ, ಇಷ್ಟು ಭಾರ?"

"ಮರಳು."

"ಮನೆ ಕಟ್ಟಿಸ್ತಿದ್ದೀರಾ? ಡಬ್ಬಿ ಡಬ್ಬಿಯಾಗಿ ಸಾಗಿಸಿದ್ರೆ ಗೃಹಪ್ರವೇಶ ಮೊಮ್ಮಕ್ಕಳೇ ಮಾಡ್ಬೇಕು."

ಬಸ್ಸೆಲ್ಲ ನಗುತ್ತದೆ. ಅಕ್ಕನಿಗೆ ಮಾತು ಕಿವಿಗೆ ಬಿದ್ದಿದೆ, ಒಳಗಿಳಿದಿಲ್ಲ. ಅವರಿಗೆ ಕಾಣುತ್ತಿರುವುದು ದಿಂಬು, ದಿಂಬಿನೊಳಗಿನ ಹತ್ತಿ, ಹತ್ತಿಯ ಆಚೆಗಿನ ಹೊಟ್ಟೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಫೋನ್ ಮಾಡುತ್ತಾರೆ. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತದೆ.

ಹುಡುಗಿಯ ಮನೆ ಮೂರನೇ ಮಹಡಿಯಲ್ಲಿ. ಎರಡನೆಯದನ್ನು ದಾಟುವಾಗಲೇ ಮೂಗಿಗೆ ಬಡಿಯುತ್ತದೆ ಸುಟ್ಟ ವಾಸನೆ. ಬಸ್ಸಿಳಿದು ಓಡಿ ಬಂದ ಅಕ್ಕನಿಗೆ ಈಗ ಒಂದು ಮೆಟ್ಟಿಲೂ ಹತ್ತಲಾಗುತ್ತಿಲ್ಲ. ಮೆಟ್ಟಿಲ ಕಂಬಿ ಹಿಡಿದು ನಿಲ್ಲುತ್ತಾರೆ. ಆಮೇಲೆ ಹತ್ತುತ್ತಾರೆ. ಬಾಗಿಲು ಬಡಿಯುವುದಿಲ್ಲ, ಗುದ್ದುತ್ತಾರೆ.

ಬಾಗಿಲು ತೆರೆದದ್ದು ಹುಡುಗಿಯ ತಾಯಿ. ಕೈಯಲ್ಲಿ ತಳ ಕಪ್ಪಾದ ಪಾತ್ರೆ.

"ಅಯ್ಯೋ, ಹಾಲು ಸೀದುಹೋಯ್ತಮ್ಮ! ವಾಸನೆ ಕೆಳಗಿನವರೆಗೂ ಬಂತಾ? ನೀವು ಯಾರು?"

"ಲ್ಯಾಪ್‌ಟಾಪ್ ರಿಪೇರಿಯವಳು. ಮಗಳು ಎಲ್ಲಿ?"

ಮಗಳು ನಿದ್ದೆಯಲ್ಲಿದ್ದಾಳೆ. ಫೋನ್ ಕಿಟಕಿಯ ಮೇಲೆ, ದನಿ ಅಡಗಿಸಿಕೊಂಡು ಬೆಳಗುತ್ತಿದೆ. ಲ್ಯಾಪ್‌ಟಾಪ್ ದಿಂಬಿನಿಂದ ಜಾರಿ, ಹೊದಿಕೆಯ ಅಂಚಿನಡಿಗೆ ಹೋಗಿ, ಹುಡುಗಿಯ ಪಕ್ಕೆಗೆ ತಾಗಿಕೊಂಡಿದೆ. ಆನ್ ಆಗಿದೆ. ಅಕ್ಕ ಹೊದಿಕೆ ಸರಿಸಿ ಅಂಕಿ ನೋಡುತ್ತಾರೆ. ಐವತ್ತೆರಡು. ಹೊದಿಕೆಯಡಿ ಇದ್ದುದಕ್ಕೆ ಸಜ್ಜನರ ಅಂಕಿಯೇ. ಆಮೇಲೆ ಅಡಿಗೆ ಕೈಯ ಹಿಂಬದಿ ತಾಗಿಸುತ್ತಾರೆ. ಎಡ ಮೂಲೆಗೆ ಬಂದಾಗ ಕೈ ತಾನೇ ಹಿಂದಕ್ಕೆ ಬರುತ್ತದೆ.

ಅಡುಗೆಮನೆಯ ಕಲ್ಲಿನ ಮೇಲೆ ಆಫ್ ಮಾಡಿಟ್ಟು, ಸ್ವಲ್ಪ ಆರಲು ಬಿಟ್ಟು, ಬಿಚ್ಚುತ್ತಾರೆ. ಮರಳಿನ ಡಬ್ಬಿಯ ಮುಚ್ಚಳ ತೆರೆದಿದೆ. ಬ್ಯಾಟರಿ ಉಬ್ಬಿಲ್ಲ. ತಾಮ್ರದ ಪಟ್ಟಿ ಎತ್ತಿದರೆ, ಎಡ ಮೂಲೆಯ ಪ್ಯಾಡಿನ ಮೇಲೆ ಹಾಳೆ ಇದೆ, ಬಿಸಿಗೆ ಸುಕ್ಕಾಗಿ, ಅಂಚು ಕಂದಾಗಿ. ಅಕ್ಕ ಅದನ್ನು ಚಿಮುಟದಲ್ಲಿ ಹಿಡಿದು ಎಳೆದು ತೆಗೆದು, ಪಟ್ಟಿ ಕೂರಿಸಿ ಮತ್ತೆ ಮುಚ್ಚುತ್ತಾರೆ.

ಎದ್ದ ಹುಡುಗಿ ಕೋಣೆಯಿಂದಲೇ ಕೇಳುತ್ತಾಳೆ. "ಹೊತ್ತಿಕೊಳ್ತಿತ್ತಾ ಅಕ್ಕಾ?"

"ಗೊತ್ತಿಲ್ಲಮ್ಮ. ಆ ಚಿಪ್ ಸುಟ್ಟು ಮಿಷಿನ್ ಆಫ್ ಆಗ್ತಿತ್ತೇನೋ, ಅಷ್ಟೇ. ತಪ್ಪು ನಮ್ದೇ. ಆದ್ರೆ ಹಾಸಿಗೆ ಮೇಲೆ ಇಡ್ಬೇಡ, ಒಂದು ಹಲಗೆ ಇಟ್ಕೋ. ನಿದ್ದೆ ಬಂದ್ರೆ ಆಫ್ ಮಾಡು."

"ಇನ್ನೇನೂ ಹೆದರಿಕೆ ಇಲ್ವಲ್ಲ?" ಇದು ತಾಯಿ. ಬೇರೆ ಯಾರಾದರೂ ‘ಏನೂ ಇಲ್ಲ’ ಎಂದು ಹೇಳಿ ಹೊರಡುತ್ತಿದ್ದರು. ಅಕ್ಕನ ಬಾಯಲ್ಲಿ ಆ ಮಾತು ಬರುವುದೇ ಇಲ್ಲ. "ಸ್ವಲ್ಪ ಇರ್ಲಿ ಅಮ್ಮ," ಎನ್ನುತ್ತಾರೆ.

ಮೆಟ್ಟಿಲಿಳಿಯುವಾಗ ನಾದಿನಿಯ ಫೋನ್ ಬರುತ್ತದೆ.

"ಸಿಕ್ತಾ ಅತ್ತಿಗೆ?"

"ಸಿಕ್ತು."

ಆ ಕಡೆಯಿಂದ ಸಣ್ಣ ದನಿ. "ಅದನ್ನ ಮುಚ್ಚಿದ್ದು ನಾನು."

"ಗೊತ್ತು. ನಿನ್ನ ದನಿ ಯಾಕೆ ಹಾಗಿದೆ?"

"ಹೆದರಿಕೆ ಆಗ್ತಿದೆ ಅತ್ತಿಗೆ. ಕೈ ಕಾಲೆಲ್ಲ ತಣ್ಣಗಾಗಿದೆ. ಡ್ರೈವಿಂಗ್ ಶಾಲೇದೂ ಬಿಚ್ಚಿ ನೋಡ್ಬಿಡೋಣ್ವಾ?"

ಅಕ್ಕನ ಮುಖದಲ್ಲಿ ಈ ಬೆಳಗಿನ ಮೊದಲ ನಗು ಕಾಣಿಸಿಕೊಳ್ಳುತ್ತದೆ. ದೊಡ್ಡ ಅಂಗಡಿ, ಬೋರ್ಡು, ಕೈಕೆಳಗೆ ನಾಲ್ಕು ಜನ, ಇಂಥ ಆಸೆಗಳೇನೂ ಈಕೆಗಿಲ್ಲ. ಇರುವುದು ಒಂದೇ, ಅದನ್ನೂ ಬಸ್ ನಿಲ್ದಾಣದಲ್ಲಿ ಡಬ್ಬಿಯನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸುತ್ತ, ಫೋನಿನಲ್ಲಿ ನಾದಿನಿಗೆ ಸಂಕೋಚದಿಂದಲೇ ಹೇಳುತ್ತಾರೆ.

"ಎಲ್ಲರೂ ಸ್ವಲ್ಪ ಸ್ವಲ್ಪ ಹಂಚ್ಕೊಂಡು ಹೆದರಿದ್ರೆ ಸಾಕು. ಊರಿನ ಹೆದರಿಕೆನೆಲ್ಲ ನಾನೊಬ್ಳೇ ಹೆದರ್ಬೇಕಾಗಲ್ಲ."