ಏರಿಯ ಹೊಟ್ಟೆಯೊಳಗಿನ ಪೈಪು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ಸಂಕೋಚವಿಲ್ಲ. ಅಮ್ಮ ಕೆರೆ ಕೆಲಸದಲ್ಲಿ ಮಣ್ಣು ಹೊತ್ತಳು, ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟು ರೇಷ್ಮೆಹುಳು ಸಾಕಿದಳು, ನಾನು ಓದಿ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದೆ. ಆ ಹೆಮ್ಮೆಯಲ್ಲೇ ಜಂಗಮಕೋಟೆ ಕಡೆಯ ನಮ್ಮ ಹಿತ್ತಲಿನಲ್ಲಿ ಮಳೆನೀರು ನಿಲ್ಲುವ ಒಂದು ಕುಂಟೆ ಮಾಡಿಸಿದೆ. ಇಳಿಜಾರಿಗೆ ಅಡ್ಡಲಾಗಿ ಎದೆಯೆತ್ತರದ ಮಣ್ಣಿನ ಏರಿ. ನೀರು ಹಿಪ್ಪುನೇರಳೆ ತೋಟಕ್ಕೆ ತಾನಾಗಿ ಹರಿಯಲೆಂದು ಏರಿಯ ತಳದಲ್ಲಿ ಒಂದು ಪೈಪು. ನಕ್ಷೆ ನಾನೇ ಬರೆದಿದ್ದೆ.

"ಏರಿ ಹೊಟ್ಟೇಲಿ ಪೈಪ್ ಇಡಬ್ಯಾಡ ಕಣೇ. ನೀರು ಅದನ್ನೇ ಹಿಡ್ಕೊಂಡು ಆಚೆ ಬರ್ತದೆ" ಅಂದಿದ್ದಳು ಅಮ್ಮ.

"ಸುತ್ತ ಸಿಮೆಂಟ್ ಹಾಕ್ತೀನಿ ಬಿಡಮ್ಮ."

"ಹಾಕಮ್ಮ, ಹಾಕು. ಓದಿದೋಳು ನೀನು."

ಏರಿಯಿಂದ ಹತ್ತು ಹೆಜ್ಜೆ ಕೆಳಗೆ ಅಕ್ಕನ ಹುಳುಮನೆ. ಹಿಂದಿನ ಗೋಡೆ ಮಣ್ಣಿನದು. ಕುಂಟೆ ಕಟ್ಟುವಾಗ ಆ ಗೋಡೆಯ ಕಡೆ ನಾನು ತಿರುಗಿಯೂ ನೋಡಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕುಂಟೆ ಮೊದಲ ಸಲ ತುಂಬಿತು. ವಾರದೊಳಗೆ ಏರಿಯ ಹೊರಮೈಯಲ್ಲಿ, ಪೈಪಿನ ಪಕ್ಕ, ಅಂಗೈಯಗಲ ಒದ್ದೆ. ಒಂದು ಸ್ಟೀಲ್ ಲೋಟದಲ್ಲಿ ಹಿಡಿದು ನೋಡಿದೆ, ನೀರು ತಿಳಿಯಾಗಿತ್ತು. ಅದರ ಮೇಲೆ ಸಿಮೆಂಟ್ ಮೆತ್ತಿದೆ. ಒದ್ದೆ ನಿಂತಿತು. ಅಮ್ಮನನ್ನು ಕರೆದು ತೋರಿಸಿದ್ದೂ ಆಯಿತು.

ಮೂರನೇ ದಿನ ಬೆಳಿಗ್ಗೆ ನೋಡಿದರೆ ಸಿಮೆಂಟಿನ ಚಕ್ಕೆ ಕಳಚಿ ಬಿದ್ದಿತ್ತು. ಹೆಬ್ಬೆರಳು ಗಾತ್ರದ ನೀರು ಬುಳಬುಳ ಬರುತ್ತಿತ್ತು. ಲೋಟ ಹಿಡಿದೆ. ರಾಗಿ ಗಂಜಿಯಂಥ ಕೆಂಪು ನೀರು. ಅಮ್ಮ ಬಗ್ಗಿ ನೋಡಿದಳು. ಬೈಯಲಿಲ್ಲ.

"ತಿಳಿ ನೀರಾದ್ರೆ ಏರಿ ಬೆವರ್ತಾ ಐತೆ ಅಂತ. ಕೆಂಪಗೆ ಬಂದ್ರೆ ಒಳಗಿನ ಮಣ್ಣು ಹೋಗ್ತಾ ಐತೆ ಅಂತ. ಆಚೆಯಿಂದ ಮುಚ್ಚಿದ್ರೆ ನಿಲ್ತದೇನೇ? ತೂತು ಇರೋದು ಒಳಗೆ."

ಪೈಪಿನ ವಾಲ್ವ್ ಪೂರ್ತಿ ತೆರೆದೆ. ಆ ಸಣ್ಣ ಪೈಪಿನಲ್ಲಿ ಕುಂಟೆ ಇಳಿಯಲು ಎರಡು ದಿನವಾದರೂ ಬೇಕು. ಹುಳುಮನೆಯ ಬಾಗಿಲಿಗೆ ಓಡಿದೆ.

"ಅಕ್ಕಾ, ಆಚೆ ಬಾ. ಏರಿ ಸೋರ್ತಾ ಇದೆ."

ಅಂದು ಅರ್ಧದಷ್ಟು ಹುಳುಗಳು ಹಣ್ಣಾಗಿ, ಅಂದರೆ ಗೂಡು ಕಟ್ಟುವಷ್ಟು ಬಲಿತು, ಚಂದ್ರಿಕೆಗೆ ಏರಿದ್ದವು. ಚಂದ್ರಿಕೆ ಎಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಆ ಹೊತ್ತಿನಲ್ಲಿ ಅದನ್ನು ಅಲುಗಾಡಿಸುವಂತಿಲ್ಲ, ನೀರು ತಾಕಿಸುವಂತಿಲ್ಲ. ಅಕ್ಕ ಉಳಿದ ಹಣ್ಣುಹುಳುಗಳನ್ನು ಆರಿಸಿ ಅದಕ್ಕೆ ಬಿಡುತ್ತಿದ್ದಳು.

"ಇನ್ನೂ ಅರ್ಧ ಐತೆ. ಬಿಟ್ಟು ಎಲ್ಲಿಗೆ ಬರ್ಲಿ? ನಿನ್ ಕುಂಟೆ ನೀನು ನೋಡ್ಕೋ."

"ಗೋಡೆ ಬೀಳುತ್ತೆ ಕಣೇ!"

"ಬೀಳದ ಹಾಗೆ ಮಾಡು. ಅದಕ್ಕೇ ತಾನೆ ನಿನ್ನ ಓದ್ಸಿದ್ದು?" ಎಂದು ನಕ್ಕಳು. ತಿರುಗಿ ನೋಡಲಿಲ್ಲ.

ಅಮ್ಮ ಅಷ್ಟರಲ್ಲಿ ಮೊರದ ತುಂಬ ಹೊಟ್ಟು ತಂದು ಕುಂಟೆಯ ನೀರಿನ ಮೇಲೆ ಎರಚಿದ್ದಳು. ಹೊಟ್ಟೆಲ್ಲ ಸುಮ್ಮನೆ ತೇಲುತ್ತಿತ್ತು. ಪೈಪಿನ ಬಾಯಿಗಿಂತ ಒಂದು ಮೊಳ ಈಚೆ ಮಾತ್ರ ಅದು ಸುತ್ತಿ ಸುತ್ತಿ ಒಳಕ್ಕೆ ಹೋಗುತ್ತಿತ್ತು.

"ಅಲ್ಲೈತೆ. ಇಳಿ."

ನನಗೆ ಈಜು ಬಾರದು. ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಅಮ್ಮ ದಡದ ಬೇವಿನ ಮರಕ್ಕೆ ಸುತ್ತಿ ಹಿಡಿದಳು. ನೀರು ಎದೆಗೆ ಬಂತು. ಕಾಲಿನಿಂದ ತಡಕಿದೆ. ಇದ್ದಕ್ಕಿದ್ದಂತೆ ಏನೋ ನನ್ನ ಪಾದವನ್ನು ಎಳೆಯಿತು. ಕಿರುಚಿದೆ. ಪಾದ ಹಿಂದಕ್ಕೆ ಬಂತು, ಆದರೆ ಆ ಎಳೆತ ಇವತ್ತಿಗೂ ಹಿಮ್ಮಡಿಯಲ್ಲಿದೆ. ಏರಿಯ ಮೇಲೆ ಜೇಡಿಮಣ್ಣು ತುಂಬಿಟ್ಟಿದ್ದ ಗೋಣಿಚೀಲವನ್ನು ಎಳೆದು ತೂತಿಗೆ ಒತ್ತಿ, ಮೇಲೆ ನಿಂತು ತುಳಿದೆ. ಇನ್ನೊಂದು ಚೀಲ. ಹೊರಗಡೆ ನೀರು ಸಣ್ಣದಾಯಿತು. ಕೆಂಪು ಮಾತ್ರ ಹೋಗಲಿಲ್ಲ.

ಮೇಲೆ ಹತ್ತಿದಾಗ ಏರಿಯ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅಮ್ಮ ಗುದ್ದಲಿ ಮುಂದೆ ಚಾಚಿದಳು. "ಕೋಡಿ ಕಡಿ."

ಕೋಡಿ ಎಂದರೆ ಏರಿಯ ಪಕ್ಕದಲ್ಲಿ ಹೆಚ್ಚಿನ ನೀರು ತೋಟಕ್ಕೆ ಬೀಳುವ ಗಟ್ಟಿ ನೆಲದ ಜಾಗ. ಅದನ್ನು ತಗ್ಗಾಗಿ ಕಡಿದರೆ ಕುಂಟೆಯೆಲ್ಲ ಖಾಲಿ. ಇಡೀ ಊರನ್ನು ಕರೆದು ಕರೆದು ತೋರಿಸಿದ ನೀರು. ಒಂದು ಗಳಿಗೆ ನಿಂತೆ, ಸುಳ್ಳು ಹೇಳುವುದಿಲ್ಲ. ಗೋಡೆಯ ಆಚೆ ಅಕ್ಕ ಕೆಮ್ಮಿದ ಸದ್ದಾಯಿತು. ಗುದ್ದಲಿ ಎತ್ತಿದೆ.

ಅಂಗೈ ಕಿತ್ತುಬರುವಂತೆ ಕಡಿದೆ. ನೀರು ಭೋರೆಂದು ಹಿಪ್ಪುನೇರಳೆ ಸಾಲುಗಳಿಗೆ ನುಗ್ಗಿತು. ಆ ಸದ್ದಿಗೆ ಅಕ್ಕ ಹುಳುಮನೆಯೊಳಗಿನಿಂದಲೇ ಕೂಗಿದಳು: "ಒಡೀತೇನೇ?"

"ಒಡೀಲಿಲ್ಲ. ನಾನೇ ಕಡ್ದೆ."

"ಸೊಪ್ಪಿಗೆ ನೀರಾಯ್ತು ಬಿಡು."

ಬೇಸಿಗೆಯಲ್ಲಿ ಏರಿಯನ್ನು ಬುಡದವರೆಗೂ ಬಗೆದು ಪೈಪು ಕಿತ್ತೆವು. ಅದರ ಮಗ್ಗುಲಲ್ಲೇ ನನ್ನ ತೋಳು ಹಿಡಿಯುವಷ್ಟು ಸುರಂಗವಿತ್ತು. ಅಮ್ಮ ಹೇಳಿದ ಹಾಗೆ ಜೇಡಿಮಣ್ಣು ಗೇಣುಗೇಣಾಗಿ ಹಾಕಿ, ನೀರು ಚಿಮುಕಿಸಿ, ಮೂವರೂ ತುಳಿದೆವು. ಈಗ ತೋಟಕ್ಕೆ ನೀರು ಹೋಗುವುದು ಏರಿಯ ಮೇಲೆ ಹಾಯಿಸಿದ ಪೈಪಿನಿಂದ, ಸಣ್ಣ ಮೋಟಾರಿನಲ್ಲಿ.

ಮತ್ತೆ ಮಳೆ ಬಂದು ಕುಂಟೆ ತುಂಬಿದ ಬೆಳಿಗ್ಗೆ, ಲೋಟ ಹುಡುಕಿದೆ. ಅಡುಗೆಮನೆಯಲ್ಲಿ ಸಿಗಲಿಲ್ಲ. ಹೊರಗೆ ಹೋದರೆ ಏರಿಯ ಕೆಳಗೆ, ಒದ್ದೆಯ ಪಕ್ಕ, ಅಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಯಾವಾಗ ಬಂದಿದ್ದಳೋ, ಸೆರಗೆಲ್ಲ ತೊಯ್ದಿತ್ತು.

"ತಿಳಿಯಾಗೈತೆ ಕಣೇ. ನೋಡು ನೀನೂ" ಎಂದು ಲೋಟ ಚಾಚಿದಳು.