ಬಾವ ಓದಿ ಹೇಳಿದ ಲಾಗ್

ಅಕ್ಕ ಮದುವೆ ಆಲ್ಬಮ್‌ಗಳ ಪುಟ ಜೋಡಿಸುತ್ತಿದ್ದಳು. ಅವಳ ಕಂಪ್ಯೂಟರ್ ತೊಂಡೇಬಾವಿಯ ಮನೆಯಲ್ಲಿ, ನಾನು ಕೆಲಸ ಮಾಡುವ ಸ್ಟುಡಿಯೋ ಚಿಕ್ಕಬಳ್ಳಾಪುರದಲ್ಲಿ. ಒಂದು ಸಾಫ್ಟ್‌ವೇರ್ ಮೂಲಕ ಅವಳ ಪರದೆಯನ್ನು ಇಲ್ಲಿಂದಲೇ ತೆರೆದು, ಇಲ್ಲಿಯ ಮೌಸ್‌ನಿಂದಲೇ ತಿದ್ದುವುದು ನಮ್ಮಿಬ್ಬರ ರೂಢಿಯಾಗಿತ್ತು. ಅವಳು ತೀರಿಕೊಂಡಾಗ ಗೌರಿಬಿದನೂರಿನ ಹುಡುಗಿಯೊಬ್ಬಳ ಆಲ್ಬಮ್ ಅರ್ಧಕ್ಕೆ ನಿಂತಿತ್ತು. ಅಕ್ಕ ಶುರು ಮಾಡಿದ ಹಾಗೆಯೇ ಅದನ್ನು ಮುಗಿಸಬೇಕು, ಬೇರೇನೂ ನನಗೆ ಬೇಕಿರಲಿಲ್ಲ.

ಬಾವ ಕಂಪ್ಯೂಟರ್ ಆನ್ ಮಾಡಿಟ್ಟರು. ಚಿತ್ರ ತಡೆತಡೆದು ಬಂತು. ಫೋಟೊ ಒಂದನ್ನು ಎಳೆಯಲು ಹೋದರೆ ಪರದೆಯ ಬಾಣ ನನ್ನ ಮಾತು ಕೇಳದೆ ಪಕ್ಕಕ್ಕೆ ಸರಿಯುತ್ತಿತ್ತು. ಅಲ್ಲಿ ಯಾರಾದರೂ ಮೌಸ್ ಮುಟ್ಟಿದರೆ ಹಾಗಾಗುತ್ತದೆ. ಫೋನ್ ಮಾಡಿದೆ.

"ಬಾವ, ಮೌಸ್ ಮುಟ್ಬೇಡಿ ಅಂದಿದ್ನಲ್ಲ."

"ಯಾರೂ ಮುಟ್ಟಿಲ್ಲ ಕಣಪ್ಪ. ನಾನು ಜಗಲಿ ಮೇಲೆ ಇದ್ದೀನಿ."

"ತಾನಾಗೇ ಓಡಾಡ್ತದಾ? ಅಕ್ಕನ ಫೈಲು ನಾನು ನೋಡೋದು ಬೇಡ ಅಂದ್ರೆ ನೇರವಾಗಿ ಹೇಳ್ಬಿಡಿ."

ಬಾವ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವರ ತಾಯಿಯ ಮಾತು ಕೇಳಿಸಿತು: "ಗುಮಾನಿ ಪಡೋಕೂ ಒಂದು ಮಿಷನ್ ಇಟ್ಕೊಂಡವ್ನೆ ನೋಡು."

ನಾನು ಅಷ್ಟಕ್ಕೇ ಬಿಡಲಿಲ್ಲ. ಪರದೆಯ ಚಿತ್ರ ಸರಿಯಾಗಿ ಹೋಯಿತೇ, ಬಾಣದ ಹಿಡಿತ ಯಾವ ಕಡೆಯ ಮೌಸ್‌ಗೆ ಹೋಯಿತು ಎಂಬುದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಲಾಗ್ ಆ ಸಾಫ್ಟ್‌ವೇರ್‌ನಲ್ಲಿತ್ತು. ಅದನ್ನು ಆ ಕಂಪ್ಯೂಟರಿನ ಮುಂದೆ ಕೂತೇ ಆನ್ ಮಾಡಬೇಕಿತ್ತು. ಬಾವನನ್ನು ಒಳಗೆ ಕಳಿಸಿ, ಸೆಟ್ಟಿಂಗ್ಸ್ ತೆರೆಸಿ, ಟಿಕ್ ಹಾಕಿಸಿದೆ. ಮತ್ತೆ ಕನೆಕ್ಟ್ ಮಾಡಿದೆ. ಬಾಣ ಮತ್ತೆ ತಪ್ಪಿತು. "ಈಗ ಏನು ಬಂದಿದೆ ಓದಿ" ಎಂದೆ, ಪೊಲೀಸಿನವನ ದನಿಯಲ್ಲಿ.

ಅವರು ನಿಧಾನಕ್ಕೆ ಓದಿದರು. "ಚಿತ್ರ ಇಲ್ಲಿಂದ ಸರಿಯಾಗಿ ಹೊರಟಿದೆ, ಆ ಕಡೆಯ ಸಂಪರ್ಕ ನಿಧಾನ." ಆ ಕಡೆ ಅಂದರೆ ನನ್ನ ಸ್ಟುಡಿಯೋ. ಮುಂದಿನ ಸಾಲು: "ಇಲ್ಲಿಯ ಮೌಸ್ ಅಲುಗಿತು, ಹಿಡಿತ ಇಲ್ಲಿಗೆ ಬಂತು."

"ಇಗೋ, ಇನ್ನೊಂದ್ಸಲ ಬಂತು. ನಾನು ಕೈ ಹಚ್ಚಿಲ್ಲಪ್ಪ." ಬಗ್ಗಿ ಮೌಸ್ ನೋಡಿ ಹೇಳಿದರು: "ಹಾರ ಕಣೋ. ಅವಳು ಕೂರೋ ಜಾಗ ಅಂತ ಫೋಟೊ ಈ ಮೇಜಿನ ಮೇಲೇ ಇಟ್ಟಿದ್ವಿ. ಫ್ಯಾನ್ ಗಾಳಿಗೆ ಹಾರದ ತುದಿ ಮೌಸ್‌ಗೆ ತಾಗ್ತಾ ಐತೆ. ತೆಗೆದುಬಿಡ್ಲಾ?"

ಹೆಂಡತಿಯ ಫೋಟೊದ ಹಾರ ತೆಗೆಯಲು ಅವರು ನನ್ನ ಅಪ್ಪಣೆ ಕೇಳುತ್ತಿದ್ದರು.

"ಬೇಡ ಬಾವ. ಮೌಸ್ ವೈರ್ ಕಿತ್ತುಬಿಡಿ, ಸಾಕು."

"ಆಯ್ತು. ಇನ್ನು ನಾನು ಎದ್ದು ಹೋಗ್ಲಾ? ಅವಳ ಕುರ್ಚೀಲಿ ಇವತ್ತೇ ಕೂತಿದ್ದು ನಾನು."

ತಪ್ಪಾಯ್ತು ಎನ್ನಲು ಬಾಯಿ ಬರಲಿಲ್ಲ. ಹೋಗಿ ಎಂದೆ.

ಪುಟಗಳು ಮುಗಿದವು. ಅಚ್ಚಾಗಿ ಬಂದ ಆಲ್ಬಮನ್ನು ಮೊದಲು ಬಾವನಿಗೆ ತೋರಿಸಲು ತೊಂಡೇಬಾವಿಗೆ ಒಯ್ದೆ. ಅವರು ಹೊದಿಕೆಯ ಮೇಲೆ ಕೈಯಾಡಿಸಿದರು, ತೆರೆಯಲಿಲ್ಲ. "ಅವತ್ತು ಫೋನಲ್ಲಿ ನಾನು..." ಎಂದು ಶುರು ಮಾಡಿದೆ.

"ಗೌರಿಬಿದನೂರಲ್ಲಿ ಆ ಹುಡುಗಿ ಕಾಯ್ತಿರ್ತಾಳೆ. ರೈಲಿಗೆ ಹೊತ್ತಾಯ್ತು, ನಡಿ" ಎಂದರು.

ಸ್ಟೇಷನ್ನಿನವರೆಗೂ ಆಲ್ಬಮ್ ಅವರೇ ಹಿಡಿದುಕೊಂಡು ಬಂದರು. ಕೊಡಿ ಎಂದು ಕೇಳುವ ಧೈರ್ಯವಾಗದೆ ನಾನು ಹಿಂದೆ ಹಿಂದೆ ನಡೆದೆ.